ಮಂಗಳ ವಿಡಿಯೋ ವಿಹಾರದ ಹಿರಿಯರು

ನನ್ನ ಅಕ್ಕ ಸರ್ವಮಂಗಳ ನನಗಿಂತ ಹನ್ನೊಂದು ನಿಮಿಷ ದೊಡ್ಡವಳು. ಬೇರೆ ಊರಿನಲ್ಲಾಗಿದ್ದರೆ ಇದು ಮದುವೆ ಮನೆಯಲ್ಲಿ ನೆಂಟರನ್ನು ನಗಿಸುವ ಮಾತಾಗಿ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮೂರಿನಲ್ಲಿ ಚಿಕ್ಕವರು ದೊಡ್ಡವರನ್ನು ಗೆಲ್ಲುವ ಹಾಗಿಲ್ಲ. ಹೀಗಾಗಿ ಆ ಹನ್ನೊಂದು ನಿಮಿಷ ನನ್ನ ಬದುಕನ್ನೇ ನುಂಗಿ ಹಾಕಿತು ಎಂದು ನಲವತ್ತಾರು ವರ್ಷ ನಂಬಿಕೊಂಡಿದ್ದೆ.

ಗೆಲ್ಲುವ ಹಾಗಿಲ್ಲ ಎಂದರೆ ಯಾರೋ ಬಂದು ಹೊಡೆಯುತ್ತಾರೆ, ದಂಡ ಹಾಕುತ್ತಾರೆ ಎಂದಲ್ಲ. ಯಾರೂ ಗೆಲ್ಲುವುದಿಲ್ಲ, ಅಷ್ಟೆ. ಓಟದ ಪಂದ್ಯವಿದ್ದರೆ ಎಲ್ಲರಿಗಿಂತ ವಯಸ್ಸಾದವರು ಊರುಗೋಲು ಹಿಡಿದು ನಡೆದುಕೊಂಡು ಬಂದು ದಾರ ಮುಟ್ಟುವ ತನಕ ಉಳಿದವರು ಅವರ ಹಿಂದೆ ನಿಂತಲ್ಲೇ ಓಡುತ್ತಿರುತ್ತಾರೆ. ರಸ್ತೆಯಲ್ಲಿ ಹೊಸ ಬಸ್ಸು ಹಳೆಯ ಲಾರಿಯನ್ನು ಹಿಂದೆ ಹಾಕುವುದಿಲ್ಲ. ಚೌಕಾಸಿಯಲ್ಲಿ ಹೆಚ್ಚು ವಯಸ್ಸಾದವರ ಮಾತೇ ನಡೆಯಬೇಕಾದ್ದರಿಂದ ಅಂಗಡಿಯವರು ಗಲ್ಲಾದ ಮುಂದೆ ತಮ್ಮ ಅಜ್ಜಿಯರನ್ನು ಕೂರಿಸುತ್ತಾರೆ. ಗಿರಾಕಿಗಳೂ ತಮ್ಮ ಅಜ್ಜಿಯರನ್ನು ಕರೆದುಕೊಂಡೇ ಹೋಗುತ್ತಾರೆ. ನಮ್ಮೂರಿನಲ್ಲಿ ಅರ್ಧ ಕೆ.ಜಿ. ಹುಣಸೆಹಣ್ಣು ಕೊಳ್ಳುವುದಕ್ಕೆ ಎರಡು ಮನೆಯ ಜಾತಕ ಬೇಕು.

ಶಾಲೆಯಲ್ಲಿ ಮೇಷ್ಟ್ರುಗಳು ಹುಟ್ಟಿದ ದಿನಾಂಕದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಪೇಪರ್ ತಿದ್ದುತ್ತಿದ್ದರು. ಮರ್ಯಾದಸ್ಥರ ಮಕ್ಕಳು ಅವರಿಗೆ ಆ ತೊಂದರೆಯನ್ನೂ ಕೊಡುತ್ತಿರಲಿಲ್ಲ, ತಾವೇ ವಯಸ್ಸು ನೋಡಿಕೊಂಡು ಅದಕ್ಕೆ ತಕ್ಕಷ್ಟೇ ಬರೆಯುತ್ತಿದ್ದರು. ಅಕ್ಕ ಅರವತ್ತೆರಡು ತೆಗೆದರೆ ನಾನು ಅರವತ್ತೊಂದು. ಈ ಅರವತ್ತೊಂದನ್ನು ತೆಗೆಯುವ ಕಷ್ಟ ತೆಗೆದವರಿಗೇ ಗೊತ್ತು. ಎಲ್ಲ ಪ್ರಶ್ನೆಗೂ ಉತ್ತರ ನನಗೆ ಗೊತ್ತಿರಬೇಕು, ಅವಳಿಗೆ ಯಾವ ಉತ್ತರ ಗೊತ್ತಿಲ್ಲ ಎನ್ನುವುದೂ ಗೊತ್ತಿರಬೇಕು. ಚೌಕಾಬಾರದಲ್ಲಿ, ಬುಗುರಿಯಲ್ಲಿ, ಈಜಿನಲ್ಲಿ, ಮನೆಯಲ್ಲಿ ಹೋಳಿಗೆ ತಿನ್ನುವುದರಲ್ಲಿ, ಎಲ್ಲದರಲ್ಲೂ ನಾನು ಒಂದು ಕೂದಲೆಳೆಯಷ್ಟು ಹಿಂದೆ. ಅವಳಿಗಿಂತ ನಾನೇ ಚುರುಕು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ ಅವಳನ್ನು ಗೆದ್ದು ತೋರಿಸಬೇಕು ಎನ್ನುವುದು ನನ್ನ ಆಸೆ. ನಮ್ಮೂರಿನಲ್ಲಿ ಅದು ಬಾಯಿಬಿಟ್ಟು ಹೇಳುವಂಥ ಆಸೆಯಲ್ಲ.

ನಮಗೆ ಮೂವತ್ಮೂರು ತುಂಬಿದ ವರ್ಷ, ಬಟ್ಟೆ ಅಂಗಡಿಗೆ ಸರಕು ತರುತ್ತೇನೆಂದು ಬಂದರಿನ ಊರಿಗೆ ಹೋದ ಅಕ್ಕ ಬೀರುವಿನಷ್ಟು ಎತ್ತರದ ಒಂದು ವಿಡಿಯೋ ಗೇಮ್ ಮೆಷೀನನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದಳು. ಪರದೆಯ ಮೇಲೆ ಇಬ್ಬರು ಪೈಲ್ವಾನರು. ಒಬ್ಬನನ್ನು ನಾವು ಆಡಿಸಬೇಕು, ಇನ್ನೊಬ್ಬನನ್ನು ಮೆಷೀನೇ ಆಡಿಸುತ್ತದೆ. ಬೇಕಾದರೆ ಇಬ್ಬರು ಎದುರುಬದುರಾಗಿಯೂ ಆಡಬಹುದು. ನಾನು ಆಗ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಇನ್ನು ಮೇಲೆ ಇದನ್ನು ನೋಡಿಕೋ ಎಂದು ಹೇಳಿ ಬೀಗದ ಕೈ ನನಗೆ ಕೊಟ್ಟಳು. ಅವಳು ದೊಡ್ಡವಳು, ನೋಡಿಕೊಂಡೆ.

ತೆರೆದ ಮೊದಲ ದಿನವೇ ಊರಿನ ಗಣಿತದ ಮೇಷ್ಟ್ರು ಷಡಕ್ಷರಯ್ಯನವರು ಬಂದರು. ಆಗ ಅವರಿಗೆ ಎಪ್ಪತ್ತು. ಊರಿಗೆಲ್ಲ ಹಿರಿಯರು ಅವರೇ ಆದ್ದರಿಂದ ಯಾವುದೇ ಅಂಗಡಿಯ ಮೊದಲ ಬೋಣಿ ಅವರದೇ. ಗಲ್ಲಾದಲ್ಲಿ ಕೊಂಡ ಬಿಲ್ಲೆಯನ್ನು ತೂತಿಗೆ ಹಾಕಿದರು, ಗುಂಡಿ ಒತ್ತಿದರು, ಒಂದು ನಿಮಿಷದೊಳಗೆ ಮೆಷೀನಿನ ಪೈಲ್ವಾನ ಮೇಷ್ಟ್ರ ಪೈಲ್ವಾನನನ್ನು ಎತ್ತಿ ಕೆಡವಿ ಎದೆಯ ಮೇಲೆ ಕೂತ. ಎಷ್ಟೋ ವರ್ಷದಿಂದ ಅವರನ್ನು ಯಾರೂ ಯಾವುದರಲ್ಲೂ ಸೋಲಿಸಿದ್ದಿಲ್ಲ. ಅವರು ಮೆಲ್ಲಗೆ ಕನ್ನಡಕ ತೆಗೆದು ಅಕ್ಕನ ಕಡೆ ತಿರುಗಿದರು.

“ಇದಕ್ಕೆ ವಯಸ್ಸೆಷ್ಟು?” ಎಂದು ಕೇಳಿದರು.

“ಎಂಬತ್ನಾಲ್ಕು, ಮೇಷ್ಟ್ರೇ” ಎಂದಳು ಅಕ್ಕ. ರೆಪ್ಪೆ ಕೂಡ ಬಡಿಯಲಿಲ್ಲ.

“ಹಾಗನ್ನು ಮತ್ತೆ” ಎಂದರು ಮೇಷ್ಟ್ರು. ಅವರ ಮುಖ ಸಡಿಲವಾಯಿತು. ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಮೆಷೀನಿಗೆ ಕೈ ಮುಗಿದರು. ನನಗಿಂತ ದೊಡ್ಡವರ ಕೈಯಲ್ಲಿ ಸೋತು ಎಷ್ಟು ಕಾಲವಾಗಿತ್ತು ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಹೋದರು. ಆ ಮಾತಿನಲ್ಲಿ ಎಂಥ ಸಂತೋಷವಿತ್ತೆಂದರೆ, ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಅರವತ್ತು ದಾಟಿದವರದೇ ಸಾಲು.

ಹಿರಿತನದ ಕಚೇರಿಯಲ್ಲಿ ಮೆಷೀನಿಗೊಂದು ವಯಸ್ಸಿನ ಪತ್ರ ಮಾಡಿಸಬೇಕಾಯಿತು. ಇದು ಹುಟ್ಟಿದ್ದನ್ನು ಕಂಡವರು ಯಾರು ಎಂದು ಗುಮಾಸ್ತರು ಕೇಳಿದರು. ಕಂಡವರು ಯಾರೂ ಈಗ ಉಳಿದಿಲ್ಲ ಎಂದಳು ಅಕ್ಕ. ಅಷ್ಟು ಹಳೆಯದೇ ಎಂದು ಅವರು ಎದ್ದು ನಿಂತು ಮುದ್ರೆ ಒತ್ತಿದರು.

ಆಮೇಲೆ ನಡೆದದ್ದನ್ನು ನಾನು ಎಷ್ಟು ಹೇಳಿದರೂ ಬೇರೆ ಊರಿನವರು ನಂಬುವುದಿಲ್ಲ. ಜನ ಬರುತ್ತಿದ್ದದ್ದೇ ಸೋಲುವುದಕ್ಕೆ. ಪರೀಕ್ಷೆಗೆ ಹೋಗುವ ಮುಂಚೆ ಮಕ್ಕಳು ಬಂದು ಸೋತು ಹೋಗುತ್ತಿದ್ದರು. ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಸೋಲುತ್ತಿದ್ದರು. ತೊಟ್ಟಿಲು ಶಾಸ್ತ್ರವಾದ ಕೂಸಿನ ಬೆರಳನ್ನು ಹಿಡಿದು ಗುಂಡಿಗೆ ಮುಟ್ಟಿಸಿ ಸೋಲಿಸಿಕೊಂಡು ಹೋಗುತ್ತಿದ್ದರು. ಎಲ್ಲರೂ ಮೆಷೀನನ್ನು ಅಜ್ಜಾವರು ಎನ್ನುತ್ತಿದ್ದರು. ಸೋತ ಮೇಲೆ, ಇನ್ನೂ ಆಡುತ್ತೀರಾ ಎಂದು ಕೇಳುವುದಕ್ಕೆ ಪರದೆಯ ಮೇಲೆ ಹತ್ತರಿಂದ ಸೊನ್ನೆಯವರೆಗೆ ಅಂಕಿಗಳು ಇಳಿಯುತ್ತವೆ, ಅಷ್ಟರೊಳಗೆ ಇನ್ನೊಂದು ಬಿಲ್ಲೆ ಹಾಕಿದರೆ ಆಟ ಮತ್ತೆ ಶುರು. ನಮ್ಮೂರಿನವರು ಮಾತ್ರ ಅಜ್ಜಾವರು ಹತ್ತು ಎಣಿಸಿ ಆಶೀರ್ವಾದ ಮಾಡುತ್ತಿದ್ದಾರೆ ಎಂದುಕೊಂಡು ಸೊನ್ನೆ ಬರುವ ತನಕ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಎರಡನೇ ಬಿಲ್ಲೆ ಹಾಕಿದ ಗಿರಾಕಿ ಒಬ್ಬರೂ ಇಲ್ಲ. ಸೋತವರು ಇನ್ನೊಂದಾಟ ಎಂದದ್ದನ್ನು ನಾನು ನಮ್ಮೂರಿನ ಯಾವ ಆಟದಲ್ಲೂ ಕೇಳಿಲ್ಲ. ಬೇಕೆಂದೇ ಸೋತವರಿಗೆ ಇನ್ನೊಂದಾಟ ಯಾಕೆ?

ಅಕ್ಕ ಹತ್ತು ವರ್ಷದಲ್ಲಿ ಏಳು ಕಡೆ ಅಂಗಡಿ ತೆರೆದಳು. ಬಸ್ ನಿಲ್ದಾಣ, ಸಂತೆ ಮೈದಾನ, ದೊಡ್ಡಾಸ್ಪತ್ರೆಯ ಎದುರು, ಎಲ್ಲ ಕಡೆಯೂ ಹಳದಿ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ಮಂಗಳ ವಿಡಿಯೋ ವಿಹಾರ. ಎಲ್ಲ ಸೇರಿ ನಲವತ್ತೊಂದು ಮೆಷೀನು, ನಲವತ್ತೊಂದೂ ಎಂಬತ್ತು ದಾಟಿದ ಹಿರಿಯರು. ಅವಳು ಪಕ್ಕದ ಊರುಗಳಿಗೂ ಹೋಗಿ ಅಜ್ಜಾವರ ಬಗ್ಗೆ ಭಾಷಣ ಮಾಡಿ ಬರುತ್ತಿದ್ದಳು. ನಾನು ಮಾತ್ರ ಮೊದಲಿನ ಹಾಗೆಯೇ ಸ್ಕ್ರೂಡ್ರೈವರ್ ಹಿಡಿದು ಅವಳ ಹಿಂದೆ ಇದ್ದೆ, ಕೂದಲೆಳೆಯಷ್ಟು.

ಒಂದು ತೊಡಕಿತ್ತು. ಅದು ಗೊತ್ತಿದ್ದದ್ದು ನಮಗಿಬ್ಬರಿಗೆ ಮಾತ್ರ. ಮೆಷೀನು ತಯಾರಾದ ಇಸವಿ ಪರದೆಯ ಕೆಳತುದಿಯಲ್ಲಿ ಸದಾ ಸಣ್ಣ ಅಂಕಿಗಳಲ್ಲಿ ಕಾಣುತ್ತಿತ್ತು. ಮೊದಲನೆಯದನ್ನು ತಂದಾಗ ಅದಕ್ಕೆ ಎರಡು ವರ್ಷ, ಎಂಬತ್ನಾಲ್ಕಲ್ಲ. ನಾನು ಎರಡನೆಯ ದಿನವೇ ನೋಡಿ ಗಾಬರಿಬಿದ್ದು ಅಕ್ಕನಿಗೆ ತೋರಿಸಿದೆ. ಅಜ್ಜನಿಗೆ ವಿಭೂತಿ ಹಚ್ಚು ಎಂದಳು ಅವಳು. ಅವತ್ತಿನಿಂದ ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ, ಅಂಗಡಿಗಳು ಹೆಚ್ಚಿದ ಮೇಲೆ ಏಳೂ ಅಂಗಡಿಗೆ ಮೊಪೆಡ್ಡಿನಲ್ಲಿ ಹೋಗಿ, ನಲವತ್ತೊಂದು ಪರದೆಗಳ ಕೆಳತುದಿಗೆ ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರೆಳೆ ದಪ್ಪಗೆ ಬಳಿದು ಬರುವುದು ನನ್ನ ಕೆಲಸ. ಸೋಮಶೇಖರನಿಗೆ ಎಂಥ ಭಕ್ತಿ ಎಂದು ಜನ ತಮ್ಮ ಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು. ಆಗ ಅಕ್ಕ ಮೊದಲ ಮೆಷೀನಿನ ಮುಂದೆ ನಿಂತು ಒಬ್ಬಳೇ ಆಡುತ್ತಿದ್ದಳು. ಒಳಗಿನ ತಿರುಪನ್ನು ನನ್ನಿಂದಲೇ ತಿರುಗಿಸಿಕೊಂಡು, ಮೆಷೀನು ಅತಿ ಕಠಿಣವಾಗಿ ಆಡುವ ಹಾಗೆ ಮಾಡಿಕೊಂಡಿರುತ್ತಿದ್ದಳು. ಸೋಲುತ್ತಿದ್ದಳು. ಬಿಲ್ಲೆ ಹಾಕುತ್ತಿದ್ದಳು. ಮತ್ತೆ ಸೋಲುತ್ತಿದ್ದಳು. ಅನ್ನ ಆರಿ ಹೋಗುತ್ತಿತ್ತು. ಒಂದು ದಿನ ನನಗೆ ರೇಗಿಹೋಯಿತು. ಇದರಲ್ಲಿ ಏನಿದೆ ಎಂದು ಹೀಗೆ ಸಾಯುತ್ತೀಯ ಎಂದು ಕೇಳಿದೆ.

“ಊರಿಗೆಲ್ಲ ನನ್ನ ಜೊತೆ ನಿಜವಾಗಿ ಆಡೋದು ಇದೊಂದೇ ಕಣೋ ಸೋಮು” ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ನನಗೆ ಆ ಮಾತು ಹಿಡಿಸಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳಿಗಾಗಿ ಸೋಲುತ್ತ ಬಂದಿದ್ದೇನೆ, ಇವಳಿಗೆ ತಗಡಿನ ಪೆಟ್ಟಿಗೆ ನನಗಿಂತ ಹೆಚ್ಚಾಯಿತೇ ಎಂದು ಎರಡು ದಿನ ಮಾತು ಬಿಟ್ಟೆ. ಮಾತು ಬಿಡುವುದರಲ್ಲೂ ಅವಳೇ ಗೆಲ್ಲಬೇಕಲ್ಲ, ಮೂರನೆಯ ದಿನ ನಾನೇ ಮಾತಾಡಿಸಿದೆ.

ಹನ್ನೊಂದನೇ ವರ್ಷದಲ್ಲಿ ಷಡಕ್ಷರಯ್ಯ ಮೇಷ್ಟ್ರಿಗೆ ಎಂಬತ್ತೊಂದು ತುಂಬಿತು. ಪ್ರತಿ ಹುಟ್ಟುಹಬ್ಬಕ್ಕೂ ಮೊದಲ ಅಂಗಡಿಗೆ ಬಂದು ಮೊದಲ ಮೆಷೀನಿನ ಕೈಯಲ್ಲಿ ಸೋತು ಹೋಗುವುದು ಅವರ ಪದ್ಧತಿ. ಆ ವರ್ಷ ಮನೆಯವರನ್ನೆಲ್ಲ ಕರೆದುಕೊಂಡು, ಶಾಲು ಹಾರ ಹಿಡಿದು ಬಂದರು. ಸೋತರು, ತಲೆ ತಗ್ಗಿಸಿ ಸೊನ್ನೆಯ ತನಕ ನಿಂತರು. ಆಮೇಲೆ ಅಜ್ಜಾವರಿಗೆ ಇವತ್ತು ವಿಭೂತಿಯನ್ನು ನಾನೇ ಹಚ್ಚುತ್ತೇನೆ ಎಂದರು. ಬೇಡ ಎನ್ನೋಣವೆಂದರೆ ನಾನು ಚಿಕ್ಕವನು. ಅವರು ತಮ್ಮ ಹೆಗಲ ಮೇಲಿನ ಶಲ್ಯವನ್ನು ಒದ್ದೆ ಮಾಡಿ, ನಾನು ಬೆಳಿಗ್ಗೆ ಬಳಿದದ್ದನ್ನು ಭಕ್ತಿಯಿಂದ ಒರೆಸಿದರು. ಚೆನ್ನಾಗಿ, ಮೂಲೆಮೂಲೆ ಬಿಡದ ಹಾಗೆ ಒರೆಸಿದರು. ಆಮೇಲೆ ಬಗ್ಗಿ ನೋಡಿದರು. ಕಳೆಯುವ ಲೆಕ್ಕಕ್ಕೆ ಅವರಿಗೆ ಬೆರಳು ಬೇಕಿರಲಿಲ್ಲ.

“ಮಂಗಳಾ, ಇದೇನಮ್ಮ ಇಲ್ಲಿ ಬರೆದಿರೋದು?”

ನಾನು ಅಕ್ಕನ ಮುಖ ನೋಡಿದೆ. ಏನಾದರೂ ಹೇಳುತ್ತಾಳೆ, ಅವಳ ಬಾಯಿಗೆ ಸುಳ್ಳು ಯಾವತ್ತೂ ಕಡಿಮೆಯಾಗಿಲ್ಲ ಎಂದುಕೊಂಡೆ. ಅವಳು ಮೇಷ್ಟ್ರ ಕಡೆಗೇ ತಿರುಗಿದಳು.

“ಅದು ಹುಟ್ಟಿದ ವರ್ಷ, ಮೇಷ್ಟ್ರೇ” ಎಂದಳು.

“ನನ್ನ ಮೊಮ್ಮಗಳಿಗಿಂತ ಒಂದು ವರ್ಷ ಚಿಕ್ಕದು” ಎಂದು ಹೇಳಿ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಶಾಲು ಮಡಿಚಿ ಮಗನ ಕೈಗೆ ಕೊಟ್ಟರು. ನನಗೆ ಅವರನ್ನು ನೋಡಲಾಗಲಿಲ್ಲ. ಹನ್ನೊಂದು ವರ್ಷ ಆ ಹಿರಿಯ ಜೀವ ಒಂದು ಕೂಸಿನ ಮುಂದೆ ಚಪ್ಪಲಿ ಬಿಟ್ಟು ನಿಂತಿತ್ತು. ಅದಕ್ಕೆ ವಿಭೂತಿ ಬಳಿದವನು ನಾನು.

ಊರು ನಮ್ಮ ಮೇಲೆ ಬೀಳುತ್ತದೆ ಎಂದು ನಾನು ಬಟ್ಟೆ ಗಂಟು ಕಟ್ಟಿಟ್ಟೆ. ಹಾಗೇನೂ ಆಗಲಿಲ್ಲ. ಹಿರಿತನದ ಕಚೇರಿಯವರು ಮೂರು ದಿನ ಕೂತು ತೀರ್ಮಾನ ಕೊಟ್ಟರು: ಮೆಷೀನಿಗಿಂತ ದೊಡ್ಡವರಾಗಿದ್ದು ಅದರ ಕೈಯಲ್ಲಿ ಸೋತವರೆಲ್ಲ ಬಂದು ಒಂದು ಸಲ ಅದನ್ನು ಗೆದ್ದು, ತಮ್ಮ ಸೋಲನ್ನು ವಾಪಸ್ ತೆಗೆದುಕೊಂಡು ಹೋಗತಕ್ಕದ್ದು. ಹಾಗೆ ಸೋತವರೆಂದರೆ ಇಡೀ ಊರು. ಮಂಗಳ ವಿಡಿಯೋ ವಿಹಾರ ಹುಟ್ಟಿದ ಮೇಲೆ ಆ ಒಂದು ತಿಂಗಳು ಕಂಡಷ್ಟು ಜನವನ್ನು ಯಾವತ್ತೂ ಕಂಡಿರಲಿಲ್ಲ. ಸಾಲು ಬಸ್ ನಿಲ್ದಾಣ ದಾಟಿ ಕೆರೆ ಏರಿಯ ತನಕ ಹೋಗಿತ್ತು. ಮಜ್ಜಿಗೆ ಮಾರುವವರು, ಕೊಡೆ ಬಾಡಿಗೆಗೆ ಕೊಡುವವರು ಎಲ್ಲ ಬಂದರು. ಅಕ್ಕ ಹೊಸ ಬಿಲ್ಲೆಗಳನ್ನು ಅಚ್ಚು ಹಾಕಿಸಿದಳು.

ಆದರೆ ಮೆಷೀನಿಗೆ ತೀರ್ಮಾನ ಗೊತ್ತಿರಲಿಲ್ಲ. ಮೊದಲ ದಿನ ಅದು ಯಾರನ್ನೂ ಗೆಲ್ಲಗೊಡಲಿಲ್ಲ. ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಅವತ್ತು ಸಂಜೆಯೇ ನಾನು ನಲವತ್ತೊಂದು ಮೆಷೀನುಗಳ ಬೆನ್ನು ಬಿಚ್ಚಿ ಒಳಗಿನ ತಿರುಪನ್ನು ತುದಿಗೆ, ಅತಿ ಸುಲಭದ ಕಡೆಗೆ ತಿರುಗಿಸಿದೆ. ಮರುದಿನದಿಂದ ಮೆಷೀನಿನ ಪೈಲ್ವಾನ ಮುಟ್ಟಿದರೆ ಸಾಕು, ಅಂಗಾತ ಬೀಳುತ್ತಿದ್ದ. ಷಡಕ್ಷರಯ್ಯ ಮೇಷ್ಟ್ರು ಕೊನೆಯ ವಾರ ಬಂದರು. ಗೆದ್ದರು. ಗೆದ್ದ ಮೇಲೆ ನನ್ನನ್ನು ಹತ್ತಿರ ಕರೆದು, ಮೊದಲು ಹೀಗೆ ಬೀಳುತ್ತಿರಲಿಲ್ಲವಲ್ಲ ಎಂದರು. ಚಿಕ್ಕದಲ್ಲವೇ, ಈಗ ಬುದ್ಧಿ ಬಂದಿದೆ ಎಂದೆ. ಅವರು ತಲೆಯಾಡಿಸಿದರು. ಸಂತೋಷಪಟ್ಟ ಹಾಗೆ ಕಾಣಲಿಲ್ಲ. ಅವರನ್ನು ಮತ್ತೆ ಸೋಲಿಸುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಎಲ್ಲರೂ ಗೆದ್ದಾದ ಮೇಲೆ ಬರುವುದಕ್ಕೆ ಕಾರಣ ಉಳಿಯಲಿಲ್ಲ. ಹದಿಮೂರು ವರ್ಷದ ಮೆಷೀನನ್ನು ದೊಡ್ಡವರು ಗೆಲ್ಲುವುದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ? ಹದಿಮೂರಕ್ಕಿಂತ ಚಿಕ್ಕ ಮಕ್ಕಳು ಕೆಲವು ದಿನ ಬಂದು ಸೋತು ಹೋದರು. ಆಮೇಲೆ, ಇಷ್ಟು ದಿನ ಅಜ್ಜನೆಂದು ಹೇಳಿ ಈಗ ಅಣ್ಣನೆಂದರೆ ಹೇಗೆ ಎಂದು ಅವರೂ ಬಿಟ್ಟರು. ಬಸ್ ನಿಲ್ದಾಣದ ಅಂಗಡಿ ಬೀಡಾ ಅಂಗಡಿಯಾಯಿತು. ಆಸ್ಪತ್ರೆ ಎದುರಿನದರಲ್ಲಿ ಎಳನೀರು ಪೇರಿಸಿದರು. ಎರಡು ವರ್ಷದಲ್ಲಿ ಒಂದೊಂದಾಗಿ ಮುಚ್ಚಿ, ಮೊದಲ ಅಂಗಡಿಯೊಂದೇ ಉಳಿಯಿತು, ಅದರಲ್ಲಿ ಮೊದಲ ಮೆಷೀನೊಂದೇ. ಅಕ್ಕ ಅದನ್ನೂ ಗುಜರಿಗೆ ಕೊಡಲು ಒಪ್ಪಿಕೊಂಡಳು. ಮಧ್ಯಾಹ್ನ ಎರಡು ಗಂಟೆಗೆ ಲಾರಿ ಬರಬೇಕಾಗಿತ್ತು. ಲಾರಿ ಹೊಸದು, ದಾರಿಯಲ್ಲಿ ಯಾವುದೋ ಹಳೆಯ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದೆ ಎಂದು ಸುದ್ದಿ ಬಂತು.

ನಾವಿಬ್ಬರೂ ಖಾಲಿ ಅಂಗಡಿಯಲ್ಲಿ ಕಾಯುತ್ತ ಕೂತಿದ್ದೆವು. ಫ್ಯಾನು ತಿರುಗುತ್ತಿತ್ತು. ಅಕ್ಕನ ಕೂದಲು ನನ್ನದಕ್ಕಿಂತ ಸ್ವಲ್ಪ ಹೆಚ್ಚೇ ಬೆಳ್ಳಗಾಗಿತ್ತು. ಗಲ್ಲಾದಲ್ಲಿ ಉಳಿದಿದ್ದ ಬಿಲ್ಲೆಗಳನ್ನೆಲ್ಲ ಬಾಚಿ ಅರ್ಧ ತಾನಿಟ್ಟುಕೊಂಡು ಅರ್ಧ ನನ್ನ ಜೇಬಿಗೆ ಸುರಿದಳು.

“ಬಾ, ಒಂದಾಟ ಆಡೋಣ” ಎಂದಳು. “ಬಿಟ್ಟುಕೊಡಬೇಡ. ಒಂದು ಸಲ, ಬಿಟ್ಟುಕೊಡದೆ ಆಡು.”

ನಲವತ್ತಾರು ವರ್ಷ ಕಾದದ್ದು ತಾನಾಗಿಯೇ ಬಾಗಿಲಿಗೆ ಬಂದು ನಿಂತಿತ್ತು. ಆಗಲಿ ಎಂದೆ. ಎದ್ದು ನಿಂತೆವು. ಮೂರು ಸುತ್ತಿನ ಆಟ, ಎರಡು ಗೆದ್ದವರು ಗೆದ್ದ ಹಾಗೆ.

ಮೊದಲ ಸುತ್ತನ್ನು ನಾನು ಗೆದ್ದೆ. ಅಕ್ಕನ ಪೈಲ್ವಾನ ಅಂಗಾತ ಬಿದ್ದಿದ್ದ. ನಾನು ಉಸಿರು ಹಿಡಿದು ಸುತ್ತ ನೋಡಿದೆ. ಗೋಡೆ ಬಿರಿಯಲಿಲ್ಲ, ಫ್ಯಾನು ನಿಲ್ಲಲಿಲ್ಲ. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎರಡನೆಯ ಸುತ್ತು ಅವಳು ಗೆದ್ದಳು. ಮೂರನೆಯದರಲ್ಲಿ ನಾನು ನನ್ನ ಬುದ್ಧಿಯನ್ನೆಲ್ಲ ಬೆರಳಿಗೆ ತಂದು ಆಡಿದೆ. ಒಂದು ಹಿಡಿತವನ್ನೂ ಬಿಡಲಿಲ್ಲ, ಒಂದು ಏಟನ್ನೂ ತಡೆಹಿಡಿಯಲಿಲ್ಲ. ಅವಳು ನಾನು ಎಲ್ಲಿಗೆ ಹೋಗುತ್ತೇನೋ ಅಲ್ಲಿ ಮೊದಲೇ ಇದ್ದಳು. ಆ ಮೆಷೀನಿನ ಹೊಟ್ಟೆಯೊಳಗಿನ ಒಂದೊಂದು ತಂತಿಯೂ ನನಗೆ ಗೊತ್ತು. ಆದರೆ ಅದರ ಮುಂದೆ ಹದಿಮೂರು ವರ್ಷ ಮಧ್ಯಾಹ್ನದ ಊಟ ಬಿಟ್ಟು ನಿಂತವಳು ಅವಳು. ನನ್ನ ಪೈಲ್ವಾನನನ್ನು ಎತ್ತಿದಳು, ಕೆಡವಿದಳು, ಅವನ ಎದೆಯ ಮೇಲೆ ತನ್ನವನನ್ನು ಕೂರಿಸಿದಳು.

ನಾನು ಸೋತೆ. ಬೇಕೆಂದು ಅಲ್ಲ. ಗೆಲ್ಲಬೇಕೆಂದು ಆಡಿ ಸೋತೆ. ಅರವತ್ತೊಂದು ತೆಗೆದದ್ದೂ, ಈಜಿನಲ್ಲಿ ಹಿಂದೆ ಬಿದ್ದದ್ದೂ ಎಲ್ಲ ನನ್ನ ತಲೆಯಲ್ಲಿ ಗಿರ್ರೆಂದು ತಿರುಗಿತು. ಅವುಗಳಲ್ಲಿ ಎಷ್ಟನ್ನು ನಾನು ನಿಜವಾಗಿ ಬಿಟ್ಟುಕೊಟ್ಟಿದ್ದೆ? ಹೊಟ್ಟೆಯೊಳಗೆ ಬೆಂಕಿ ಹಾಕಿದ ಹಾಗಾಯಿತು. ಇಂಥದ್ದು ನನಗೆ ಮೊದಲು ಯಾವತ್ತೂ ಆಗಿರಲಿಲ್ಲ.

ಅಕ್ಕ ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಪರದೆಯ ಮೇಲೆ ಹತ್ತು ಬಂದಿತ್ತು.

“ನಿಜ ಹೇಳು. ಬಿಟ್ಟುಕೊಟ್ಟೆಯಾ?”

“ಇಲ್ಲ ಅಕ್ಕ.”

“ಎಲ್ಲರೂ ಹಾಗೇ ಹೇಳ್ತಾರೆ” ಎಂದಳು. “ಚಿಕ್ಕವಳಿದ್ದಾಗಿಂದ ಕೇಳ್ತಾನೇ ಇದೀನಿ. ಎಲ್ಲರೂ ಇಲ್ಲ ಅಂತಾರೆ. ನನಗೆ ಏನಾದ್ರೂ ಬರುತ್ತೋ ಇಲ್ವೋ ಅನ್ನೋದು ಈ ಊರಲ್ಲಿ ನನಗೆ ಗೊತ್ತಾಗೋ ಹಾಗೇ ಇಲ್ಲ ಸೋಮು.”

ಅವಳು ಗೋಡೆಗೆ ಒರಗಿ ನಿಂತಳು. ಕನ್ನಡಕ ತೆಗೆದಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ಆ ಹನ್ನೊಂದು ನಿಮಿಷ ಅವಳನ್ನೂ ನುಂಗಿದೆ ಎನ್ನುವುದು ಅಷ್ಟು ವರ್ಷ ನನ್ನ ಚುರುಕು ಬುದ್ಧಿಗೆ ಹೊಳೆದಿರಲಿಲ್ಲ. ಏನು ಹೇಳಿದರೆ ನಂಬುತ್ತಾಳೆ? ಆಣೆ ಇಡಲೇ? ಆಣೆಯನ್ನೂ ಎಲ್ಲ ಚಿಕ್ಕವರು ಇಡುತ್ತಾರೆ. ಪರದೆಯ ಮೇಲೆ ಆರು ಬಂತು, ಐದು ಬಂತು. ರೂಢಿಯ ಹಾಗೆ ನನ್ನ ತಲೆ ತಾನಾಗಿಯೇ ತಗ್ಗತೊಡಗಿತು. ಆದರೆ ಹೊಟ್ಟೆಯ ಉರಿ ಆರಿರಲಿಲ್ಲ. ಆ ಮೂರನೆಯ ಸುತ್ತಿನಲ್ಲಿ ನಾನು ಎಡಕ್ಕೆ ಸರಿಯಬೇಕಾಗಿತ್ತು. ಸರಿದಿದ್ದರೆ ಅವಳಿಗೆ ಸಿಗುತ್ತಿರಲಿಲ್ಲ. ನನ್ನ ಕೈ ಜೇಬಿಗೆ ಹೋಯಿತು. ಮೂರು ಬಂದಾಗ ಬಿಲ್ಲೆ ತೆಗೆದು ತೂತಿಗೆ ತುರುಕಿದೆ.

“ಇನ್ನೊಂದಾಟ” ಎಂದೆ.

ಅಕ್ಕ ತಲೆ ಎತ್ತಿದಳು. ನಾನು ಕೇಳಿದ್ದು ಅವಳಿಗೆ ತಕ್ಷಣ ಅರ್ಥವಾದ ಹಾಗೆ ಕಾಣಲಿಲ್ಲ. ನಮ್ಮೂರಿನಲ್ಲಿ ಯಾರೂ ಆಡದ ಮಾತು ಅದು. ನನ್ನ ಮುಖವನ್ನು, ಬಿಗಿ ಹಿಡಿದ ನನ್ನ ಮುಷ್ಟಿಯನ್ನು ನೋಡಿದಳು. ನಾನು ಕಾಲಿನಿಂದ ಮೆಷೀನಿಗೆ ಒಂದು ಒದೆ ಕೊಟ್ಟೆ ಕೂಡ. ಆಗ ಅವಳ ಮುಖದಲ್ಲಿ ನಗು ಶುರುವಾಯಿತು. ಕಣ್ಣೀರು ಒರೆಸಿಕೊಳ್ಳುವುದನ್ನು ಮರೆತು ನಗುತ್ತಲೇ ಬಂದು ನನ್ನ ಪಕ್ಕದಲ್ಲಿ ನಿಂತಳು.

ಎರಡನೆಯ ಆಟವನ್ನೂ ಸೋತೆ. ಮೂರನೆಯದನ್ನೂ ಸೋತೆ. ನಾಲ್ಕನೆಯದರಲ್ಲಿ ಗೆಲುವು ಕೈಗೆ ಬಂದು ಜಾರಿತು. ಗುಜರಿಯ ಲಾರಿ ಬಂದು ಬಾಗಿಲಲ್ಲಿ ನಿಂತಾಗ ನಾನು ಹದಿನೇಳನೆಯ ಆಟಕ್ಕೆ ಬಿಲ್ಲೆ ಹಾಕುತ್ತಿದ್ದೆ. ಡ್ರೈವರು ಹಾರ್ನ್ ಹೊಡೆದು ಒಳಗೆ ಇಣುಕಿದ. ಮೂವತ್ತರ ಆಸುಪಾಸಿನವನು, ನಮ್ಮಿಬ್ಬರಿಗಿಂತಲೂ ಚಿಕ್ಕವನು. ಕಾಯುತ್ತಾನೆ.